ಮಾಳಿಗೆಯ ಮಣ್ಣು



ಫೆಬ್ರವರಿಯಿಂದ ಈಚೆಗೆ ನಾನು ಏನನ್ನೂ ಬರೆದಿಲ್ಲವೆಂದು ನಿಮ್ಮಲ್ಲಿ ಹಲವರು ಫೋನ್ ಮಾಡಿ ವಿಚಾರಿಸಿದ್ದೀರಿ. ಆರೋಗ್ಯ ಕೆಟ್ಟಿರಬಹುದೆಂದು ಗಾಬರಿಯಾದವರೂ ಇದ್ದೀರಿ. ಹಾಗೇನೂ ಇಲ್ಲ. ನನ್ನ ತವರೂರಾದ ಇಂಗಳೇಶ್ವರದಲ್ಲಿ ನಮ್ಮ ಹಳೆಯ ಮನೆಯ ದುರಸ್ತಿ ನಡೆದಿತ್ತು. ಫೆಬ್ರವರಿಯಲ್ಲಿ ಆರಂಭವಾದ ಕೆಲಸ ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಮುಗಿಯಿತು. ಅಷ್ಟೂ ದಿನ ನಾನು ಅಲ್ಲಿಯೇ ಇದ್ದೆ. ಲೆಕ್ಕ ಬರೆಯುವುದು, ಆಳುಗಳಿಗೆ ಚಹಾ ಕಾಯಿಸುವುದು, ಗೌಂಡಿಯೊಡನೆ ವಾದ ಮಾಡುವುದು, ಅವ್ವನನ್ನು ಧೂಳಿನಿಂದ ದೂರವಿಡುವುದು ಇವು ನನ್ನ ಪಾಲಿನ ಕೆಲಸಗಳಾಗಿದ್ದವು. 2019ರಲ್ಲಿ ನಿವೃತ್ತಳಾದ ಮೇಲೆ ಇಷ್ಟು ದುಡಿದದ್ದು ಇದೇ ಮೊದಲು.

ಇಂಗಳೇಶ್ವರ ಬಸವನ ಬಾಗೇವಾಡಿ ತಾಲೂಕಿನ ಊರು. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರುಮನೆ ಇಲ್ಲಿತ್ತೆಂಬುದು ನಮ್ಮ ಭಾಗದವರು ತಲೆತಲಾಂತರದಿಂದ ನಂಬಿಕೊಂಡು ಬಂದ ಮಾತು. ಅಕ್ಕನಾಗಮ್ಮನ ಹೆಸರಿನ ಗವಿಯನ್ನೂ, ವಚನಗಳನ್ನು ಕಲ್ಲಿನಲ್ಲಿ ಕೊರೆಸಿ ನಿಲ್ಲಿಸಿದ ವಚನ ಶಿಲಾಮಂಟಪವನ್ನೂ ನೋಡಲು ಪರಸ್ಥಳದವರು ಬರುತ್ತಾರೆ. ಹನ್ನೆರಡನೆಯ ಶತಮಾನದ ಒಬ್ಬ ಹೆಣ್ಣುಮಗಳ ತವರೆಂಬ ಕಾರಣಕ್ಕೆ ಈ ಊರಿನ ಹೆಸರನ್ನು ಜನ ಇಂದಿಗೂ ಹೇಳುತ್ತಾರೆ. ನಮ್ಮಂಥ ಸಾಮಾನ್ಯ ಹೆಣ್ಣುಮಕ್ಕಳಿಗೆ ತವರೆಂದರೆ ಪಂಚಮಿಗೆ ಬಂದು, ನಾಲ್ಕು ದಿನ ಉಂಡು, ಕುಬುಸ ಮಡಿಲಲ್ಲಿಟ್ಟುಕೊಂಡು ಹಿಂದಿರುಗುವ ಮನೆ. ನಾನೂ ನಾಲ್ಕು ದಶಕಗಳ ಕಾಲ ಹಾಗೆಯೇ ಬಂದು ಹೋದವಳು. ಈ ಸಲ ಮಾತ್ರ ತವರಿನ ಮಣ್ಣನ್ನು ಕೈಯಾರೆ ಎತ್ತಿ ಅಳೆಯುವ ಪ್ರಸಂಗ ಒದಗಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮನೆಯನ್ನು ಕಟ್ಟಿಸಿದವರು ನಮ್ಮ ಅಜ್ಜ. ತಲಬಾಗಿಲ ಮೇಲಿನ ಕಲ್ಲಿನಲ್ಲಿ 1934 ಎಂದು ಕೆತ್ತಿದೆ. ಎರಡು ಅಡಿಗೂ ಮಿಕ್ಕಿ ದಪ್ಪವಾದ ಕಲ್ಲುಮಣ್ಣಿನ ಗೋಡೆ, ಬೇವಿನ ತೊಲೆ, ಸಾಲಾಗಿ ಜೋಡಿಸಿದ ಜಂತಿ, ಮೇಲೆ ಮಣ್ಣಿನ ಮಾಳಿಗೆ. ಒಳಗೆ ಕಾಲಿಟ್ಟೊಡನೆ ಬಲಕ್ಕೆ ದನದ ಅಂಕಣ, ಎಡಕ್ಕೆ ಎತ್ತರದ ಪಡಸಾಲೆ, ಅದರಾಚೆ ನಡುಮನೆ, ಅದರ ಹಿಂದೆ ಅಡುಗೆಮನೆ. ಹೀಗೆ ಒಟ್ಟು ನಾಲ್ಕು ಅಂಕಣ. ಮನುಷ್ಯರೂ ದನಗಳೂ ಒಂದೇ ಬಾಗಿಲಿನಿಂದ ಒಳಹೊಕ್ಕು ಒಂದೇ ಮಾಳಿಗೆಯ ಕೆಳಗೆ ಮಲಗುತ್ತಿದ್ದೆವು. ನನ್ನ ನೆನಪಿನ ತೀರ ಹಿಂದಿನ ತುದಿಯಲ್ಲಿರುವುದು ಒಂದು ಸಪ್ಪಳ. ರಾತ್ರಿ ಕಂದೀಲು ಸಣ್ಣದಾದ ಮೇಲೆ ಎತ್ತುಗಳು ಮೆಲುಕು ಹಾಕುವ ಸಪ್ಪಳ ಮತ್ತು ಅವು ಕತ್ತು ಹೊರಳಿಸಿದಾಗ ಒಮ್ಮೆ ಕೇಳಿಸಿ ಸುಮ್ಮನಾಗುವ ಗೆಜ್ಜೆ. ಆ ಸಪ್ಪಳ ಇರುವವರೆಗೆ ಹೆದರಿಕೆ ಇರಲಿಲ್ಲ. ಆಗ ನನಗೆ ನಾಲ್ಕೋ ಐದೋ ವರ್ಷ.

ಎರಡನೆಯ ನೆನಪು ಮಣ್ಣಿನದು. ಬೇಸಿಗೆಯ ಕೊನೆಗೆ, ರೋಹಿಣಿ ಮಳೆಯ ದಿನಗಳಲ್ಲಿ, ಊರಿನ ಪ್ರತಿ ಮನೆಯಲ್ಲಿಯೂ ಮಾಳಿಗೆಯ ಕೆಲಸ ನಡೆಯುತ್ತಿತ್ತು. “ಮಿರಗ ಕೂಡೂದ್ರೊಳಗ ಮಾಳಗಿ ಆಗಬೇಕು” ಎಂಬುದು ಅಜ್ಜಿಯ ಮಾತು. ಊರ ಹೊರಗಿನ ಹಾಳುದಿಬ್ಬದಿಂದ ಬಂಡಿಯಲ್ಲಿ ಹಾಳುಮಣ್ಣು ಬರುತ್ತಿತ್ತು. ಬೂದಿಬಣ್ಣದ, ಕೈಗೆ ಹಿಟ್ಟಿನಂತೆ ನುಣುಪಾಗಿ ತಗಲುವ ಮಣ್ಣು. ಅದನ್ನು ಬಾಗಿಲ ಮುಂದೆ ಸುರಿದು, ಬುಟ್ಟಿಗಳಲ್ಲಿ ತುಂಬಿ, ಏಣಿಯ ಮೇಲೆ ಸಾಲಾಗಿ ನಿಂತ ಹೆಂಗಸರು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೇಲಿದ್ದವರು ಹರವಿ, ನೀರು ಚಿಮುಕಿಸಿ, ಕಟ್ಟಿಗೆಯ ಕೊಡತಿಯಿಂದ ಬಡಿದು ಗಟ್ಟಿ ಮಾಡುತ್ತಿದ್ದರು. ಇಂದು ನಮ್ಮ ಮನೆ, ನಾಳೆ ನೆರೆಮನೆ. ಕೂಲಿಯ ಮಾತೇ ಇರಲಿಲ್ಲ, ಎಲ್ಲವೂ ಮುಯ್ಯಿ. ಮಕ್ಕಳಿಗೆ ಸಣ್ಣ ಪುಟ್ಟಿ ಕೊಡುತ್ತಿದ್ದರು. ಒಂದು ಸೇರು ಮಣ್ಣು ಹಿಡಿಯುವ ಪುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮಾಳಿಗೆ ಹತ್ತುವುದೆಂದರೆ ನಮಗೆ ದೊಡ್ಡವರಾದಷ್ಟೇ ಹೆಮ್ಮೆ.

ಉಳಿದ ದಿನಗಳಲ್ಲಿ ಮಾಳಿಗೆಯ ಮೇಲೆ ಓಡಾಡುವಂತಿರಲಿಲ್ಲ. ನಾವು ಮೇಲೆ ಓಡಿದರೆ ಕೆಳಗೆ ಅಡುಗೆಮನೆಯಿಂದ ಅವ್ವನ ಕೂಗು ಕೇಳಿಸುತ್ತಿತ್ತು: “ಓಡಬ್ಯಾಡ್ರಿ, ಹಿಟ್ಟಿನ್ಯಾಗ ಮಣ್ಣ ಉದರತೈತಿ!” ಬೇಸಿಗೆಯ ರಾತ್ರಿ ಮಾತ್ರ ಮಾಳಿಗೆ ನಮ್ಮದು. ಹಾಸಿಗೆ ಹೊತ್ತೊಯ್ದು ಸಾಲಾಗಿ ಮಲಗುತ್ತಿದ್ದೆವು. ಸಪ್ತರ್ಷಿಗಳನ್ನು ನನಗೆ ತೋರಿಸಿದವರು ಅಪ್ಪ. ಮುಂದೆ ನಿಮಗೆಲ್ಲ ಧ್ರುವನಕ್ಷತ್ರವನ್ನು ಹುಡುಕುವ ರೀತಿಯನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸುವಾಗ ನನ್ನ ಬೆನ್ನಿಗೆ ಆ ಮಣ್ಣಿನ ತಂಪು ತಗಲುತ್ತಿತ್ತು.

ವಿಜ್ಞಾನ ಕಲಿಸಿದವಳಾದ್ದರಿಂದ ಮಾಳಿಗೆಯ ಗುಟ್ಟನ್ನೂ ಸ್ವಲ್ಪ ಹೇಳಬೇಕು. ನಮ್ಮ ಸುತ್ತ ಎಲ್ಲ ಕಡೆಗೂ ಇರುವುದು ಎರೆಮಣ್ಣು. ಜೋಳಕ್ಕೆ ಅದರಂಥ ಮಣ್ಣಿಲ್ಲ. ಆದರೆ ಮಾಳಿಗೆಗೆ ಅದು ಬಾರದು. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಬಿರುಕಿನಲ್ಲಿ ಮುಂದಿನ ಮಳೆ ನೇರವಾಗಿ ಒಳಗಿಳಿಯುತ್ತದೆ. ಹಾಳುಮಣ್ಣು, ಸವುಳುಮಣ್ಣು ಹಾಗಲ್ಲ. ಅವುಗಳಲ್ಲಿ ಉಪ್ಪಿನ ಅಂಶ ಹೆಚ್ಚು. ಮೊದಲ ಮಳೆ ಬಿದ್ದೊಡನೆ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ಸಣ್ಣ ರಂಧ್ರಗಳಲ್ಲಿ ಕೂತು ಮೇಲ್ಮೈಯನ್ನು ಮುಚ್ಚಿಬಿಡುತ್ತವೆ. ನೀರು ಒಳಗಿಳಿಯದೆ ಇಳಿಜಾರಿನಲ್ಲಿ ಹರಿದು ಕಲ್ಲಿನ ದೋಣಿಯ ಮೂಲಕ ಹೊರಬೀಳುತ್ತದೆ. ಉಪ್ಪಿನಿಂದಾಗಿ ಹುಲ್ಲೂ ಸುಲಭವಾಗಿ ಬೆಳೆಯುವುದಿಲ್ಲ. ಬೆಳೆದರೆ ಬೇರು ತೂತು ಮಾಡುತ್ತದಲ್ಲ! ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಬೇಸಿಗೆಯಲ್ಲಿ ನಾಲ್ವತ್ತು ಡಿಗ್ರಿ ದಾಟುವ ನಾಡಿಗೆ ಇದಕ್ಕಿಂತ ಯೋಗ್ಯವಾದ ಸೂರನ್ನು ಅಂದಿನವರು ಎಲ್ಲಿಂದ ತರಬೇಕಿತ್ತು? ಆದರೆ ಒಂದು ನಿಬಂಧನೆಯಿತ್ತು. ಮಳೆ ಪ್ರತಿ ವರ್ಷ ಒಂದಿಷ್ಟು ಮಣ್ಣನ್ನು ತೊಳೆದುಕೊಂಡು ಹೋಗುತ್ತಿತ್ತು, ಅದನ್ನು ಪ್ರತಿ ವರ್ಷ ತುಂಬಲೇಬೇಕು. ಒಂದು ವರ್ಷ ತಪ್ಪಿದರೆ ಮುಂದಿನ ವರ್ಷ ಸೋರುತ್ತಿತ್ತು.

ಅಡುಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಹೊಗೆ ಹೋಗಲು ಇಟ್ಟ ಚೌಕನೆಯ ತೂತು. ಮಳೆ ಬಂದಾಗ ಮೇಲೆ ಹೋಗಿ ಕಲ್ಲು ಮುಚ್ಚಬೇಕು. ಅದೇ ಅವ್ವನ ಗಡಿಯಾರವೂ ಆಗಿತ್ತು. ಬೇಸಿಗೆಯಲ್ಲಿ ಹನ್ನೊಂದರ ಸುಮಾರಿಗೆ ಬಿಸಿಲಿನ ಚೌಕವೊಂದು ಗೋಡೆಯ ಬುಡದಲ್ಲಿ ಕಾಣಿಸಿಕೊಂಡು, ಮೆಲ್ಲನೆ ನೆಲದ ಮೇಲೆ ನಡೆದು ಒಳಕಲ್ಲನ್ನು ಮುಟ್ಟುತ್ತಿತ್ತು. ಮುಟ್ಟಿತೆಂದರೆ ಹೊಲಕ್ಕೆ ಬುತ್ತಿ ಒಯ್ಯುವ ಹೊತ್ತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಆ ಚೌಕ ನೆಲಕ್ಕೆ ಇಳಿಯದೆ ಕಿಂಡಿಯ ಅಂಚಿನಲ್ಲಿಯೇ ನಿಲ್ಲುತ್ತಿತ್ತು. ಮೇ ತಿಂಗಳ ಮೊದಲ ವಾರದಲ್ಲಿ ಒಂದು ದಿನ ಅದು ಸರಿಯಾಗಿ ಕಿಂಡಿಯ ಕೆಳಗೆ ಬಂದು ನಿಲ್ಲುತ್ತಿತ್ತು. ಆ ದಿನ ನಮ್ಮ ಅಕ್ಷಾಂಶದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಕಂಬಕ್ಕೆ ನೆರಳಿರುವುದಿಲ್ಲ; ಅದೂ ಹನ್ನೆರಡು ಗಂಟೆಗಲ್ಲ, ಗಡಿಯಾರದಲ್ಲಿ ಹನ್ನೆರಡು ಇಪ್ಪತ್ತು ದಾಟಿದ ಮೇಲೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದು ಬಹಳ ತಡವಾಗಿ. ಮೂರನೆಯ ತರಗತಿಗೆ ಶಾಲೆ ಬಿಟ್ಟ ಅವ್ವ ಅದನ್ನು ನೆಲದ ಮೇಲೆ ದಿನವೂ ಓದುತ್ತಿದ್ದಳು.

ಅಂಗಳದಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಮಡಕೆಯಾಕಾರದಲ್ಲಿ ತೋಡಿ, ಒಳಗೆ ಜೋಳದ ಕಣಿಕೆ ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಇದ್ದ ಆಮ್ಲಜನಕವನ್ನು ಮುಗಿಸುತ್ತದೆ, ಹುಳುಗಳು ಸಾಯುತ್ತವೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಕಾರಣಕ್ಕೆ ತೆರೆದ ಕೂಡಲೇ ಇಳಿದವರೂ ಸಾಯುತ್ತಾರೆ. ಅಜ್ಜ ಹಗೇವು ತೆಗೆದ ದಿನ ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಒಳಗಿಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. 1972ರ ಬರದಲ್ಲಿ ಅದನ್ನು ಕೊನೆಯ ಸಲ ತೆರೆದರು. ಮುಗ್ಗು ವಾಸನೆಯ ಆ ಜೋಳದ ರೊಟ್ಟಿಯನ್ನು ನಾವು ಮಕ್ಕಳು ಮೂಗು ಮುರಿಯುತ್ತಲೇ ತಿಂದೆವು. ಅದೂ ಮುಗಿದು ರೇಷನ್ ಅಂಗಡಿಯ ಕೆಂಪುಜೋಳ ಬಂದಾಗ ಹಗೇವಿನ ಜೋಳದ ರುಚಿ ತಿಳಿಯಿತು. ಆಮೇಲೆ ಅದನ್ನು ತುಂಬುವಷ್ಟು ಜೋಳ ಮನೆಯಲ್ಲಿ ಮಿಗಲಿಲ್ಲ.

ನಾನು ಓದಿ, ಬಿ.ಎಡ್. ಮುಗಿಸಿ, ಮದುವೆಯಾಗಿ, ಸಿಂದಗಿ ಮತ್ತು ಮುದ್ದೇಬಿಹಾಳ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಕಲಿಸುತ್ತಿದ್ದ ವರ್ಷಗಳಲ್ಲಿ ಊರು ಬದಲಾಗುತ್ತ ಬಂತು. ಮಳೆ ನಂಬಿ ಕೂತರೆ ಹೊಟ್ಟೆ ತುಂಬದೆಂದು ನಮ್ಮ ಓಣಿಯ ಅರ್ಧ ಮನೆಗಳವರು ಪುಣೆಗೂ ಗೋವಾಕ್ಕೂ ದುಡಿಯಲು ಹೋದರು. ಉಳಿದ ಹೆಂಗಸರಿಗೆ ಕೂಲಿ ಸಿಗುವ ದಿನ ಮುಯ್ಯಿಗೆ ಬರುವುದು ಸಾಧ್ಯವಿರಲಿಲ್ಲ. ಬರಬೇಕೆಂದು ಕೇಳುವುದೂ ನ್ಯಾಯವಲ್ಲ. ಅಪ್ಪ ತೀರಿಕೊಂಡ ಮೇಲೆ ಮೂರು ನಾಲ್ಕು ವರ್ಷ ಅವ್ವ ಒಬ್ಬಳೇ ಪುಟ್ಟಿ ಹೊತ್ತು ಮಾಳಿಗೆ ಹತ್ತುತ್ತಿದ್ದಳಂತೆ. ನಮಗೆ ಹೇಳಿದರೆ ಬಯ್ಯುತ್ತೇವೆಂದು ಹೇಳುತ್ತಿರಲಿಲ್ಲ. ಅವಳ ಮಂಡಿ ಸೋತ ವರ್ಷದಿಂದ ಮಾಳಿಗೆಯ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಬಂತು. ಹಾಳೆ ಹರಿದಾಗ ಅದರ ಮೇಲೆ ಇನ್ನೊಂದು ಹಾಳೆ. ಅದರ ಮೇಲೆ ಯಾವುದೋ ಚುನಾವಣೆಯ ಫ್ಲೆಕ್ಸು.

ಇಂಥ ಮನೆಗಳ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಹೆದರಿಕೆ ಹೊಕ್ಕದ್ದು 1993ರಲ್ಲಿ. ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕಕ್ಕೆ ಕೆಲವೇ ನಿಮಿಷಗಳಿರುವಾಗ, ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಹಿಂದಿನ ರಾತ್ರಿ ಗಣೇಶನನ್ನು ಕಳಿಸಿ ಬಂದು ಜನ ಗಾಢವಾಗಿ ಮಲಗಿದ್ದರು. ಹತ್ತಿರ ಹತ್ತಿರ ಹತ್ತು ಸಾವಿರ ಮಂದಿ ಸತ್ತರು. ನಮ್ಮಲ್ಲಿಯೂ ಪಾತ್ರೆಗಳು ಅಲುಗಿದವು. ಆ ಊರುಗಳ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿದಾಗ ನನಗೆ ಕಂಡದ್ದು ನಮ್ಮದೇ ಮನೆ. ಅದೇ ಕಲ್ಲುಮಣ್ಣಿನ ದಪ್ಪ ಗೋಡೆ, ಅದೇ ಮಣ್ಣಿನ ಮಾಳಿಗೆ. ಅಲ್ಲಿ ಜನರನ್ನು ಕೊಂದದ್ದು ಭೂಮಿಯಲ್ಲ, ಆ ಗೋಡೆ ಮತ್ತು ಮಾಳಿಗೆ. ದಪ್ಪ ಗೋಡೆಯೆಂದರೆ ನಿಜವಾಗಿ ಎರಡು ತೆಳು ಗೋಡೆ. ಹೊರಗಿನದೊಂದು, ಒಳಗಿನದೊಂದು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವ ಉದ್ದಗಲ್ಲುಗಳಿಲ್ಲದಿದ್ದರೆ ನಡುಗಿದಾಗ ಅವು ಎರಡು ಕಡೆಗೆ ಸೀಳಿಕೊಳ್ಳುತ್ತವೆ, ಮೇಲಿನ ಭಾರವೆಲ್ಲ ಕೆಳಗಿಳಿಯುತ್ತದೆ. ಅಂದಿನಿಂದ ಊರಿಗೆ ಹೋದಾಗಲೆಲ್ಲ ಪಡಸಾಲೆಯಲ್ಲಿ ಮಲಗಿ ಜಂತಿಗಳನ್ನು ಎಣಿಸುತ್ತಿದ್ದೆ. ಎಷ್ಟು ಎಣಿಸಿದರೂ ಭಾರ ತಿಳಿಯುತ್ತಿರಲಿಲ್ಲ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ವಾಯವ್ಯ ಮೂಲೆಯ ಗೋಡೆ ಹೊಟ್ಟೆ ಬಿಟ್ಟಿತು. ಆಗ ಮನೆಯ ವಿಚಾರ ಮುಂದೂಡುವಂತಿರಲಿಲ್ಲ. ನನ್ನ ತಮ್ಮನ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಬ್ಯಾಂಕಿನ ಸಾಲ ಪಡೆದು ಎಲ್ಲವನ್ನೂ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವುದು ಅವನ ವಿಚಾರ. ಎಂಬತ್ತಾರು ದಾಟಿದ ಅವ್ವ ಕೆಡವುವವರೆಗೆ ಹೊರಗೆ ಬರುವುದಿಲ್ಲವೆಂದು ಪಡಸಾಲೆಯ ಕಂಬಕ್ಕೆ ಆತು ಕೂತಳು. ನಾನು ಅವ್ವನ ಪಕ್ಷ. ಹಳೆಯ ಮನೆಯ ತಂಪು, ಕಂಬದ ಕೆತ್ತನೆ, ಅಜ್ಜನ ನೆನಪು ಎಂದೆಲ್ಲ ಮಾತನಾಡಿದೆ. ನನ್ನ ಮಾತು ಮುಗಿಯುವವರೆಗೆ ತಮ್ಮನ ಸೊಸೆ ಸುಮ್ಮನಿದ್ದಳು. ಆಮೇಲೆ ಮೆಲ್ಲನೆ ಹೇಳಿದಳು: “ಅತ್ತೀ, ಮನಿ ಇರಲಿ ಅಂತ ನನಗೂ ಅನಸತೈತಿ. ಆದ್ರ ವರ್ಷಾ ವರ್ಷಾ ಮಣ್ಣ ಹೊರವ್ರು ಯಾರು? ನೀವು ಬರ್ತೀರೇನು?”

ಉತ್ತರ ಕೊಡುವುದು ಸುಲಭವಿರಲಿಲ್ಲ. ಅವಳು ಕೇಳಿದ್ದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ನಾವು ಹಳೆಯ ಮನೆಯೆಂದು ಕೊಂಡಾಡುವಾಗ ಗೋಡೆ, ಕಂಬ, ಬಾಗಿಲುಗಳನ್ನು ನೆನೆಯುತ್ತೇವೆ. ಆ ಮನೆ ನಿಂತದ್ದು ಮುಖ್ಯವಾಗಿ ಹೆಂಗಸರ ದುಡಿಮೆಯ ಮೇಲೆ. ಮಾಳಿಗೆಗೆ ಮಣ್ಣು, ನೆಲಕ್ಕೆ ಸಗಣಿಯ ಸಾರಣೆ, ಗೋಡೆಗೆ ಹಬ್ಬ ಹಬ್ಬಕ್ಕೆ ಮೆತ್ತುವಿಕೆ. ಅಜ್ಜಿಯೂ ಅವ್ವನೂ ಅದನ್ನು ಮಾಡುತ್ತಿದ್ದರು. ನಾನು ಓದಿ ನೌಕರಿಗೆ ಸೇರಿ ಅದರಿಂದ ಹೊರಬಂದೆ. ಅಂಗನವಾಡಿಯಲ್ಲಿ ದಿನವಿಡೀ ದುಡಿದು ಬರುವ ಹುಡುಗಿಗೆ ಮತ್ತೆ ಪುಟ್ಟಿ ಹೊರಿಸುವ ಅಧಿಕಾರ ಯಾರಿಗಿದೆ? ಅಂದಿನಿಂದ ನಮ್ಮ ಚರ್ಚೆಯ ದಿಕ್ಕೇ ಬದಲಾಯಿತು. ಕೆಡವುವುದೋ ಉಳಿಸುವುದೋ ಎಂಬುದನ್ನು ಬಿಟ್ಟು, ವರ್ಷ ವರ್ಷ ಒಬ್ಬಳ ಬೆನ್ನು ಮುರಿಯದಂತೆ ಏನನ್ನು ಉಳಿಸಬಹುದು ಎಂದು ಯೋಚಿಸತೊಡಗಿದೆವು.

ಸಾಲಕ್ಕೆ ಕಾಗದಪತ್ರ ಬೇಕಾದಾಗ ಇನ್ನೊಂದು ಮಾತು ಬಂತು. ಪಿತ್ರಾರ್ಜಿತ ಮನೆಯಾದ್ದರಿಂದ ನನ್ನ ಮತ್ತು ತಂಗಿಯ ಸಹಿಯೂ ಅಗತ್ಯವಾಯಿತು. ಹಿಂದೂ ಉತ್ತರಾಧಿಕಾರ ಕಾನೂನಿಗೆ 2005ರಲ್ಲಿ ಆದ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕಿದೆ. ನಮ್ಮ ಕಡೆ ರೂಢಿಯೆಂದರೆ ಒಂದು ಸೀರೆ ಉಡಿಸಿ ಹೆಣ್ಣುಮಕ್ಕಳಿಂದ ಹಕ್ಕುಬಿಡುಗಡೆ ಬರೆಸಿಕೊಳ್ಳುವುದು. ನಾವಿಬ್ಬರೂ ದುರಸ್ತಿಗೆ ಒಪ್ಪಿಗೆಯ ಸಹಿ ಹಾಕಿದೆವು, ಹಕ್ಕುಬಿಡುಗಡೆಗೆ ಹಾಕಲಿಲ್ಲ. ಅವ್ವ ಇರುವವರೆಗೆ ಮನೆ ಅವಳದು. ಆ ಮೇಲೆ ಯಾರಿಗೆ ಏನೆಂಬುದನ್ನು ಎಲ್ಲರೂ ಕೂತು ಮಾತನಾಡೋಣ ಎಂದೆವು. ತಮ್ಮ ಸ್ವಲ್ಪ ಹೊತ್ತು ಮೌನವಾಗಿದ್ದ. ಮರುದಿನ ತಾನೇ ಬಂದು, “ಹಂಗಾರ ಖರ್ಚಿನ್ಯಾಗೂ ಪಾಲ ತಗೋರಿ” ಎಂದು ನಕ್ಕ. ನ್ಯಾಯವಾದ ಮಾತು, ತೆಗೆದುಕೊಂಡೆವು. ಪಂಚಮಿಗೆ ಬರುವ ಅತಿಥಿಯಾಗಿದ್ದವಳು ಹೀಗೆ ಆ ಮನೆಯ ಲೆಕ್ಕದ ಪುಸ್ತಕದೊಳಗೆ ಸೇರಿಕೊಂಡೆ.

ಕೆಲಸ ಮಾಳಿಗೆಯ ಮಣ್ಣು ಇಳಿಸುವುದರಿಂದ ಆರಂಭವಾಯಿತು. ಮೊದಲು ಪ್ರತಿ ತೊಲೆಯ ಕೆಳಗೂ ಊರುಗಂಬ ಕೊಟ್ಟರು. ಆಮೇಲೆ ಎರಡೂ ಕಡೆಯಿಂದ ಸಮನಾಗಿ ಮಣ್ಣು ತೆಗೆಯುತ್ತ ಬಂದರು. ಒಂದೇ ಬದಿಯಿಂದ ತೆಗೆದರೆ ಭಾರ ಒಂದು ಗೋಡೆಯ ಮೇಲೆ ಬಿದ್ದು ಅದು ವಾಲುವ ಸಂಭವವಿದೆ. ಗುದ್ದಲಿ ಜಂತಿಯವರೆಗೆ ಮುಟ್ಟಿದಾಗ ನಾನು ಟೇಪು ಹಿಡಿದು ಆಳ ಅಳೆದೆ. ಒಂದು ಮೊಳದ ಮೇಲೆ ನಾಲ್ಕು ಬೆರಳು, ಅಂದರೆ 21 ಅಂಗುಲ. ಅಜ್ಜ ಕಟ್ಟಿಸಿದಾಗ ಅದು ಒಂದು ಗೇಣು ಇತ್ತೆಂದು ಅವ್ವ ಹೇಳುತ್ತಾಳೆ. ಮಳೆ ತೊಳೆದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇರಲೆಂದು ಪ್ರತಿ ವರ್ಷ ಹಾಕಿದ ಮಣ್ಣು ಹೀಗೆ ಏರುತ್ತ ಬಂದಿತ್ತು.

ಅಂದು ಸಂಜೆ ಕೂತು ಲೆಕ್ಕ ಹಾಕಿದೆ. ಒಂದು ಅಂಕಣ 16 ಅಡಿ ಉದ್ದ, 10 ಅಡಿ ಅಗಲ. ಆಳ ಒಂದೂ ಮುಕ್ಕಾಲು ಅಡಿ. 280 ಘನ ಅಡಿ, ಸುಮಾರು 8 ಘನ ಮೀಟರ್. ಕುಟ್ಟಿದ ಮಣ್ಣು ಘನ ಮೀಟರಿಗೆ 1,600 ಕಿಲೋ ಎಂದು ಹಿಡಿದರೂ ಒಂದು ಅಂಕಣದ ಮೇಲೆ ಹನ್ನೆರಡೂವರೆ ಟನ್. ನಾಲ್ಕು ಅಂಕಣಕ್ಕೆ ಐವತ್ತು ಟನ್! ಲೆಕ್ಕವನ್ನು ಎರಡು ಸಲ ಮಾಡಿದೆ, ಉತ್ತರ ಅದೇ. ಅವ್ವ ಇಷ್ಟು ವರ್ಷ ಹನ್ನೆರಡು ಟನ್ ಮಣ್ಣಿನ ಕೆಳಗೆ, ಹುಳು ತಿಂದ ತೊಲೆಗಳನ್ನು ನಂಬಿ ಮಲಗಿದ್ದಳು. ಸಣ್ಣ ಪುಟ್ಟಿಯಲ್ಲಿ ನಾನು ಹೆಮ್ಮೆಯಿಂದ ಹೊತ್ತೊಯ್ದ ಮಣ್ಣೂ ಆ ಐವತ್ತು ಟನ್ನಿನೊಳಗೆ ಎಲ್ಲೋ ಸೇರಿತ್ತು. ಮನೆಯನ್ನು ಸೋರದಂತೆ ಕಾಪಾಡಿದ ಆರೈಕೆಯೇ ವರ್ಷ ವರ್ಷ ಸೇರಿ ಅದನ್ನು ಅಪಾಯಕ್ಕೆ ತಂದಿತ್ತು. ಅವ್ವನಿಗೆ ಈ ಲೆಕ್ಕ ಹೇಳಿದಾಗ ಅವಳು ಬೇಸರಿಸಲಿಲ್ಲ. “ಸೋರೂದಷ್ಟ ನಮಗ ಕಾಣತಿತ್ತು, ಭಾರ ಕಾಣತಿರಲಿಲ್ಲ” ಎಂದಳು. ಇಷ್ಟು ವರ್ಷ ಭೌತಶಾಸ್ತ್ರ ಕಲಿಸಿದ ನಾನು ಅದಕ್ಕೆ ಸೇರಿಸಬಹುದಾದ ಮಾತೇನೂ ಉಳಿಯಲಿಲ್ಲ.

ಕಡಿದ ಮಣ್ಣಿನ ಬದಿಯನ್ನು ಪೊರೆಪೊರೆಯಾಗಿ ನೋಡಬಹುದಿತ್ತು. ತೀರ ಕೆಳಗೆ ಜಂತಿಯ ಮೇಲೆ ಹಾಸಿದ ತೊಗರಿಕಟ್ಟಿಗೆ, ಅದರ ಮೇಲೆ ಪುಡಿಯಾದ ಬೇವಿನ ಎಲೆ. ಆಮೇಲೆ ಹಳದಿ, ಬೂದಿ, ಬಿಳುಪು ಪದರಗಳು. ಕೆಲವು ಕಡೆ ದಪ್ಪ, ಕೆಲವು ಕಡೆ ಎಳೆಯಷ್ಟು ಸಣ್ಣ. ಎಲ್ಲಕ್ಕಿಂತ ಮೇಲೆ ಎರಡು ನೀಲಿ ಗೆರೆ ಮತ್ತು ಫ್ಲೆಕ್ಸಿನ ಬಣ್ಣದ ಗೆರೆ. ತಮ್ಮನ ಮೊಮ್ಮಗ ಶಾಲೆಗೆ ಹೋಗುವ ಹುಡುಗ. ಅವನನ್ನು ಏಣಿ ಹತ್ತಿಸಿ ಈ ಪದರಗಳನ್ನು ತೋರಿಸಿದೆ. ಭೂಗರ್ಭದ ಪಾಠಕ್ಕೆ ಇಷ್ಟು ಒಳ್ಳೆಯ ಉಪಕರಣ ನನ್ನ ನೌಕರಿಯಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಹದಿನಾಲ್ಕು ಟ್ರ್ಯಾಕ್ಟರ್ ಟ್ರೇಲರ್ ಮಣ್ಣು ಹೊರಗೆ ಹೋಯಿತು. ಒಂದಷ್ಟನ್ನು ಹಳೆಯ ಹಗೇವಿಗೆ ತುಂಬಿ, ಕುಸಿಯದಂತೆ ಗಟ್ಟಿ ಮಾಡಿದೆವು.

ಹೊಟ್ಟೆ ಬಿಟ್ಟ ಗೋಡೆಗೆ ಕಾರಣ ಮಾಳಿಗೆಯ ಒಡೆದ ದೋಣಿ. ನೀರು ಹೊರಗೆ ಬೀಳದೆ ಗೋಡೆಯ ನಡುವಿನ ಮಣ್ಣಿಗೆ ಇಳಿದು ಅದನ್ನು ಉಬ್ಬಿಸಿತ್ತು. ಆ ಮೂಲೆಯನ್ನು ಬಿಚ್ಚಿ, ಅದೇ ಕಲ್ಲುಗಳಿಂದ ಮರಳಿ ಕಟ್ಟಿಸಿದೆವು. ಈ ಸಲ ಗೋಡೆಯ ಒಳಮೈಯಿಂದ ಹೊರಮೈಗೆ ಹಾಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇಡಿಸಿದೆವು. ಉಳಿದ ಗೋಡೆಗಳಲ್ಲಿಯೂ ತೂತು ಕೊರೆದು ಕಬ್ಬಿಣದ ಸಲಾಕೆಯಿಟ್ಟು ಕಾಂಕ್ರೀಟ್ ತುಂಬಿಸಿದೆವು. ಕಿಲ್ಲಾರಿಯ ನಂತರ ಇಂಜಿನಿಯರುಗಳು ಹಳೆಯ ಕಲ್ಲುಮನೆಗಳಿಗೆ ಹೇಳಿದ ಉಪಾಯಗಳು ಇವೇ: ಮಾಳಿಗೆಯ ಭಾರ ಇಳಿಸಿ, ಗೋಡೆಯ ಎರಡು ಮೈಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆ ಸುತ್ತಲೂ ಒಂದು ಪಟ್ಟಿ ಹಾಕಿ.

ಎರಡು ತೊಲೆಗಳ ತುದಿಯನ್ನು ಗೋಡೆಯೊಳಗೆ ಗೆದ್ದಲು ತಿಂದು ಮುಗಿಸಿತ್ತು. ಅವುಗಳ ಜಾಗಕ್ಕೆ ಬಂದ ತೊಲೆಗಳ ಕಥೆಯನ್ನು ಹೇಳಲೇಬೇಕು. ನನ್ನ ದೊಡ್ಡವ್ವನನ್ನು ಕೊಲ್ಹಾರಕ್ಕೆ ಕೊಟ್ಟಿತ್ತು. ಕೃಷ್ಣೆಯ ದಂಡೆಯ ಹಳೆಯ ಕೊಲ್ಹಾರ, ಮೊಸರಿಗೆ ಹೆಸರಾದ ಊರು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಆ ಕಲ್ಲಿನ ಫಲ ದೊಡ್ಡವ್ವನ ಮನೆಯನ್ನು ಮುಟ್ಟಲು ದಶಕಗಳೇ ಹಿಡಿದವು. ಹಿನ್ನೀರು ಏರುವ ಮೊದಲು ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿ ಬಾಗಿಲು, ಕಂಬ, ತೊಲೆಗಳನ್ನು ಹೊಸ ಊರಿಗೆ ಹೊತ್ತೊಯ್ದರು. ಹೊಸ ಮನೆಯಲ್ಲಿ ಹಿಡಿಸದ ಎರಡು ಸಾಗವಾನಿ ತೊಲೆಗಳನ್ನು ದೊಡ್ಡವ್ವ ತಂಗಿಯ ಮನೆಗೆ ಕಳಿಸಿದ್ದಳು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವು ನಮ್ಮ ದನದ ಅಂಕಣದಲ್ಲಿ ಗೋಡೆಗೆ ಒರಗಿದ್ದವು. ಅವಳ ಮನೆಗೆ ದುರಸ್ತಿಯ ಅವಕಾಶವೇ ಇರಲಿಲ್ಲ. ನಮ್ಮ ಮನೆಗೆ ಇತ್ತು. ನಡುಮನೆಯಲ್ಲಿ ಆ ತೊಲೆಗಳನ್ನು ಏರಿಸಿದ ದಿನ ಅವ್ವ ತೀರಿಹೋದ ಅಕ್ಕನ ಹೆಸರು ಹಿಡಿದು ಅರಿಷಿಣ ಕುಂಕುಮ ಹಚ್ಚಿದಳು.

ಹೊಸ ಮಾಳಿಗೆಗೆ ಉಳಿದ ಜಂತಿಗಳ ಮೇಲೆ ಶಹಾಬಾದಿನ ಫರಸಿಗಲ್ಲು ಹಾಸಿ, ಅದರ ಮೇಲೆ ಸುಣ್ಣ ಮತ್ತು ಇಟ್ಟಿಗೆಚೂರಿನ ಗಚ್ಚು ಕುಟ್ಟಿಸಿದೆವು. ಒಂದು ಅಂಕಣದ ಭಾರ ಈಗ ನಾಲ್ಕು ಟನ್ನಿಗಿಂತ ಕಡಿಮೆ. ಮೊದಲಿನಷ್ಟು ತಂಪಿಲ್ಲ, ಇದು ನಿಜ. ಮೇ ತಿಂಗಳ ಮಧ್ಯಾಹ್ನ ಫ್ಯಾನು ಬೇಕಾಗುತ್ತದೆ. ಆದರೆ ಪುಟ್ಟಿ ಹೊರುವ ಕೆಲಸ ಮುಗಿಯಿತು. ಸೊಸೆ ಮೇಲೆ ಹತ್ತಿ ಒಂದು ಸುತ್ತು ನಡೆದು ಬಂದು, “ಇನ್ನ ಹಪ್ಪಳ ಒಣಗಿಸಾಕ ಅಷ್ಟ ಹತ್ತೂದು” ಎಂದಳು.

ಎತ್ತುಗಳು ಹೋಗಿ ಬಹಳ ವರ್ಷಗಳಾಗಿದ್ದವು. ದನದ ಅಂಕಣದ ಗ್ವಾದಲಿ ತೆಗೆಸಿ ಅವ್ವನಿಗೆ ಕೋಣೆ ಮಾಡಿದೆವು. ಅದಕ್ಕೆ ಹೊಂದಿಕೊಂಡು, ಹಿತ್ತಲ ಕಡೆಗೆ, ಶೌಚಾಲಯ ಮತ್ತು ಬಚ್ಚಲು. ಹಿಡಿದುಕೊಳ್ಳಲು ಗೋಡೆಗೆ ಸ್ಟೀಲಿನ ಸರಳು. ಇಡೀ ದುರಸ್ತಿಯಲ್ಲಿ ತೀರ ಮುಖ್ಯವಾದುದು ಯಾವುದೆಂದು ಕೇಳಿದರೆ ನಾನು ಕಂಬಗಳನ್ನು ತೋರಿಸುವುದಿಲ್ಲ, ಆ ಬಚ್ಚಲನ್ನು ತೋರಿಸುತ್ತೇನೆ. ನನ್ನ ಬಾಲ್ಯದಲ್ಲಿ ಮನೆಯ ಹೆಂಗಸರು ನಸುಕಿಗೆ ಮುಂಚೆ ಮತ್ತು ಕತ್ತಲಾದ ಮೇಲೆ ಮಾತ್ರ ಬಯಲಿಗೆ ಹೋಗುತ್ತಿದ್ದರು. ನಡುವಿನ ಹಗಲೆಲ್ಲ ತಡೆದುಕೊಳ್ಳುತ್ತಿದ್ದರು. ನೆನಪುಗಳನ್ನು ಬರೆಯುವಾಗ ನಾವು ಎತ್ತಿನ ಗೆಜ್ಜೆಯನ್ನು ಬರೆಯುತ್ತೇವೆ, ಇದನ್ನು ಬಿಡುತ್ತೇವೆ. ಬಿಡಬಾರದೆಂದು ನನಗೆ ಈಗ ಅನ್ನಿಸುತ್ತದೆ.

ಬೆಳಕಿಂಡಿಯನ್ನು ಮುಚ್ಚಬಾರದೆಂಬುದು ಅವ್ವ ಕೇಳಿಕೊಂಡ ಒಂದೇ ಒಂದು ಮಾತು. ಗ್ಯಾಸಿನ ಒಲೆಯಿರುವ ಮನೆಗೆ ಹೊಗೆಯ ಕಿಂಡಿ ಏಕೆಂದು ಗೌಂಡಿ ಕೇಳಿದ. ಅದನ್ನು ಉಳಿಸಿ, ಮೇಲೆ ದಪ್ಪ ಗಾಜು ಕೂರಿಸಿದೆವು. ಮಾಳಿಗೆ ತೆಳುವಾದ್ದರಿಂದ ಬಿಸಿಲಿನ ಚೌಕ ಈಗ ಮೊದಲಿಗಿಂತ ಬೇಗ ಬಂದು ತಡವಾಗಿ ಹೋಗುತ್ತದೆ. ಅವ್ವನ ಗಡಿಯಾರ ಕೆಟ್ಟಿತೆಂದು ನಾನು ನಕ್ಕೆ. ಅವಳು ನಾಲ್ಕು ದಿನ ನೋಡಿ, ಹೊಸ ಲೆಕ್ಕಕ್ಕೆ ಹೊಂದಿಕೊಂಡಳು.

ನಿಮ್ಮಲ್ಲಿ ಅನೇಕರ ಊರುಗಳಲ್ಲಿ ಇಂಥ ಮನೆಗಳಿನ್ನೂ ಇವೆ. ಅವುಗಳಲ್ಲಿ ಮುಪ್ಪಿನ ತಂದೆತಾಯಿಗಳಿದ್ದಾರೆ. ನಾನು ಹೇಳುವುದು ಇಷ್ಟೇ. ಮುಂದಿನ ಸಲ ಊರಿಗೆ ಹೋದಾಗ ಮಾಳಿಗೆಯ ಅಂಚಿನಲ್ಲಿ ಮಣ್ಣಿನ ದಪ್ಪವನ್ನು ಅಳೆಯಿರಿ. ನೀರಿನ ದೋಣಿ ಒಡೆದಿದೆಯೇ ನೋಡಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅದರ ಪಕ್ಕದಲ್ಲಿ ಯಾರನ್ನೂ ಮಲಗಿಸಬೇಡಿ. ಮಣ್ಣು ಇಳಿಸುವುದಾದರೆ ಊರುಗಂಬ ಕೊಡದೆ ಕೈಹಚ್ಚಬೇಡಿ. ತಿಳಿದ ಇಂಜಿನಿಯರನ್ನೂ ಹಳೆಯ ಗೌಂಡಿಯನ್ನೂ ಇಬ್ಬರನ್ನೂ ಕೇಳಿ. ಮನೆಯನ್ನು ಉಳಿಸಬೇಕೆಂದು ಮಾತನಾಡುವ ಮೊದಲು ಅದನ್ನು ದಿನವೂ ಗುಡಿಸುವವರು ಯಾರೆಂದು ತಿಳಿದು ಅವರ ಮಾತನ್ನು ಮೊದಲು ಕೇಳಿ.

ಮೃಗಶಿರಾ ಈ ವರ್ಷ ಚೆನ್ನಾಗಿ ಹನಿಯಿತು. ಪಡಸಾಲೆ, ನಡುಮನೆ, ಅವ್ವನ ಕೋಣೆ ಎಲ್ಲಿಯೂ ಒಂದು ಹನಿ ಇಳಿಯಲಿಲ್ಲ. ಬೆಳಕಿಂಡಿಯ ಗಾಜಿನ ಅಂಚಿನಲ್ಲಿ ಮಾತ್ರ ಸ್ವಲ್ಪ ಸೋರುತ್ತಿದೆ. ಅದರ ಕೆಳಗೆ ಅವ್ವ ಒಂದು ತಂಬಿಗೆ ಇಟ್ಟಿದ್ದಾಳೆ. ಸೋಮವಾರ ಬಂದು ಸರಿಮಾಡುತ್ತೇನೆಂದು ಗೌಂಡಿ ಹೇಳಿದ್ದಾನೆ.